ಸಂಧಿವಾತವೂ ಹೃದಯದ ರೇಖೆಯೂ

ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಯು ಸಮೀಪಿಸಿದಾಗ ಕುಂದಾಪುರ ಸೀಮೆಯ ಹೆಮ್ಮಾಡಿಯಲ್ಲಿ ಸೇವಂತಿಗೆ ಕೊಯ್ದು ಕಟ್ಟುವ ಕೈಗಳಿಗೆ ಬಿಡುವಿಲ್ಲ. ಆ ಬೆರಳುಗಳು ಬೆಳಗಿನ ಹೊತ್ತು ಗಂಟೆಗೂ ಮೀರಿ ಬಿಗಿದುಕೊಂಡು, ಗಿಣ್ಣುಗಳು ಊದಿಕೊಂಡರೆ ಅದು ಬರಿಯ ದಣಿವಲ್ಲ, ಸಂಧಿವಾತವಿರಬಹುದು. ಬ್ರಹ್ಮಾವರದ ಗದ್ದೆಯಲ್ಲಿ ನೇಜಿ ನೆಡುವವಳನ್ನೂ, ಬೈಂದೂರಿನ ಕಡಲತೀರದಲ್ಲಿ ಮೀನಿನ ಬುಟ್ಟಿ ಹೊರುವವಳನ್ನೂ ಈ ರೋಗವು ಹಿಡಿಯಬಲ್ಲುದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ಇದು ಗಂಟುಗಳಿಗೆ ಮಾತ್ರ ಸೇರಿದ ಬೇನೆಯೆಂದು ನಾವು ಭಾವಿಸುತ್ತೇವೆ. ಆದರೆ ಗಂಟುಗಳನ್ನು ಕೆಡಿಸುವ ಉರಿಯೂತವು ರಕ್ತನಾಳಗಳನ್ನೂ ಬಿಡುವುದಿಲ್ಲ. ಈ ರೋಗಿಗಳಲ್ಲಿ ಹೃದ್ರೋಗದ ಸಂಭವವು ಇತರರಲ್ಲಿರುವುದರ ಸುಮಾರು ಒಂದೂವರೆ ಪಟ್ಟು.

ಇಲ್ಲೊಂದು ಮೋಸವುಂಟು. ನಡೆದಾಡುವವರಿಗೆ ಏರು ಹತ್ತುವಾಗ ಎದೆ ಬಿಗಿಯುತ್ತದೆ. ಅದೇ ಹೃದಯದ ಎಚ್ಚರಿಕೆ. ಮೊಣಕಾಲು ಹಿಡಿದು ಮನೆಯಲ್ಲೇ ಕುಳಿತವಳಿಗೆ ಆ ಎಚ್ಚರಿಕೆಯೂ ದೊರೆಯದು. ಏದುಸಿರು ಬಂದರೂ, ವಾತದ ದೇಹ, ನಿಶ್ಶಕ್ತಿಯೆಂದು ಮನೆಯವರು ಸುಮ್ಮನಾಗುವರು.

ಆದಕಾರಣ ಇಂಥವರಿಗೆ ಹೃದಯದ ರೇಖಾಪರೀಕ್ಷೆ, ಎಂದರೆ ಇ.ಸಿ.ಜಿ., ಉಪಯುಕ್ತವಾದುದು. ಇದನ್ನು ವೈದ್ಯರ ಕೈಗೆ ತಂದುಕೊಟ್ಟ ಹಾಲೆಂಡಿನ ಐಂಥೋವನ್ ಪಂಡಿತನಿಗೆ 1924ರಲ್ಲಿ ನೊಬೆಲ್ ಪಾರಿತೋಷಿಕವು ಸಂದಿತು. ಕೈಕಾಲುಗಳಿಗೂ ಎದೆಗೂ 10 ತಂತಿಗಳನ್ನು ಸೇರಿಸಿ, 12 ದಿಕ್ಕುಗಳಿಂದ ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಬರೆಯಿಸುವರು. ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಅರಿವಿಲ್ಲದೆ ಕಳೆದುಹೋದ ಹೃದಯಾಘಾತದ ಗುರುತು, ಬಡಿತದ ಲಯಭಂಗ, ವಿದ್ಯುತ್ಸಂಚಾರದ ತಡೆ, ಇವು ಅಲ್ಲಿ ಕಾಣಬಹುದು. ಈ ರೋಗಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧವು ಕೆಲವರಲ್ಲಿ ರೇಖೆಯ ಕ್ಯೂಟಿ ಎಂಬ ಅಂತರವನ್ನು ಹಿಗ್ಗಿಸುವುದುಂಟು. ಮೊದಲೇ ಹೃದ್ರೋಗವುಳ್ಳವರು ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಹಾಗೆಂದು ಔಷಧವನ್ನು ತಾವಾಗಿ ನಿಲ್ಲಿಸಕೂಡದು. ಉರಿಯೂತವು ಅಡಗಿದರೆ ಹೃದಯಕ್ಕೂ ಹಿತವೇ.

ಆದರೂ ರೇಖೆ ಸರಿಯಾಗಿದ್ದ ಮಾತ್ರಕ್ಕೆ ಹೃದಯವು ನಿರ್ದೋಷಿಯೆಂದು ತೀರ್ಪಾಗದು. ಮಲಗಿಸಿ ತೆಗೆದ ರೇಖೆಯಲ್ಲಿ ಕಿರಿದಾದ ರಕ್ತನಾಳದ ಸುಳಿವು ಸಿಗದೆ ಹೋಗಬಹುದು. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಹೊಗೆಸೊಪ್ಪಿನ ಅಭ್ಯಾಸ, ಇವುಗಳ ವಿಚಾರಣೆಯೂ ಜೊತೆಗೆ ನಡೆಯಬೇಕು. ನೋವಿನ ಮಾತ್ರೆಗಳನ್ನು ಬಹುಕಾಲ ನುಂಗಿದರೆ ರಕ್ತದೊತ್ತಡವು ಏರಬಹುದೆಂಬುದನ್ನೂ ನೆನಪಿಡಬೇಕು.

ಕರ್ನಾಟಕ ಸರ್ಕಾರವು 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಎದೆನೋವಿನಿಂದ ಬಂದವರ ರೇಖೆಯನ್ನು ಸರ್ಕಾರಿ ಆಸ್ಪತ್ರೆಯಿಂದಲೇ ದೂರದ ಹೃದ್ರೋಗತಜ್ಞರಿಗೆ ಕಳುಹಿಸುವುದು ಅದರ ಕ್ರಮ. ಎದೆ ಬಿಗಿದಾಗ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಆ ಹೊತ್ತು ಬರುವುದಕ್ಕೆ ಮೊದಲೇ ಮಾಡಬಹುದಾದ ಕೆಲಸವೊಂದುಂಟು: ಗಂಟುನೋವಿಗೆಂದು ವೈದ್ಯರಲ್ಲಿಗೆ ಹೋದ ದಿನ ಹೃದಯವನ್ನೂ ನೋಡಿರೆಂದು ಕೇಳುವುದು. ತಾಯಿಗೆ ಕೇಳಲು ಸಂಕೋಚವಾದರೆ ಜೊತೆಗೆ ಹೋದ ನಾವು ಕೇಳೋಣ.