ಮುಂಬಯಿಯಲ್ಲಿ ದಾರಿ ಕೇಳುವುದು

ನಾನು ಮುಂಬಯಿಯನ್ನು ಮೊದಲ ಸಲ ಕಂಡದ್ದು 1973ರ ಬೇಸಗೆಯ ರಜೆಯಲ್ಲಿ. ಕುಂದಾಪುರದಲ್ಲಿ ಬಸ್ಸು ಹತ್ತಿ, ಮೈಕೈ ನುಗ್ಗಾಗಿ ಮಾಟುಂಗಾ ತಲುಪಿದಾಗ ನನ್ನ ಕೈಯಲ್ಲೊಂದು ಟ್ರಂಕು, ಜೇಬಿನಲ್ಲೊಂದು ಪಟ್ಟಿ ಇದ್ದವು. ಪಟ್ಟಿಯಲ್ಲಿ ಹದಿನಾಲ್ಕು ಸ್ಥಳಗಳ ಹೆಸರುಗಳು. ಗೇಟ್‌ವೇ ಆಫ್ ಇಂಡಿಯಾ, ರಾಜಾಬಾಯಿ ಗೋಪುರ, ಹ್ಯಾಂಗಿಂಗ್ ಗಾರ್ಡನ್, ತಾರಾಪೋರ್‌ವಾಲಾ ಮತ್ಸ್ಯಾಲಯ, ಹೀಗೆ. ನನ್ನ ಸೋದರಮಾವ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತುಕೊಳ್ಳುತ್ತಿದ್ದರು. ಹದಿನಾಲ್ಕರ ಹುಡುಗನಾಗಿ 1946ರಲ್ಲಿ ಬಂದು, ಕಪ್ಪುಬಸಿ ತೊಳೆದು, ಮಾಣಿಯಾಗಿ, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಗಲ್ಲಾದವರೆಗೆ ಏರಿದವರು. ಅವರು ನನ್ನ ಪಟ್ಟಿಯನ್ನು ಬಿಲ್ಲು ಓದುವವರಂತೆ ಮೇಲಿನಿಂದ ಕೆಳಗೆ ಓದಿ ಹಿಂದಕ್ಕೆ ಕೊಟ್ಟರು.

“ಇದರಲ್ಲಿ ನಾನು ನೋಡಿದ್ದು ಎರಡೋ ಮೂರೋ. ಗೇಟ್‌ವೇಗೆ ಇನ್ನೂ ಹೋಗಲೇ ಇಲ್ಲ ಮಾರಾಯ. ಅಲ್ಲಿ ನನಗೆ ಎಂತ ಕೆಲಸ ಉಂಟು?”

ಇಪ್ಪತ್ತೇಳು ವರ್ಷ ಒಂದು ಊರಿನಲ್ಲಿದ್ದು ಅದರ ಹೆಬ್ಬಾಗಿಲನ್ನೇ ನೋಡದ ಮನುಷ್ಯ! ನನಗೆ ಕನಿಕರವುಂಟಾಯಿತು. ಕನಿಕರಪಡಬೇಕಾದವರು ಯಾರು, ಯಾರ ಮೇಲೆ ಎಂಬುದು ಮರುದಿನವೇ ಇತ್ಯರ್ಥವಾಯಿತು.

ಮರುದಿನ ನಾನೊಬ್ಬನೇ ಕೋಟೆ ಪ್ರದೇಶವನ್ನು ಸುತ್ತಿ, ಸಂಜೆ ವಿ.ಟಿ. ನಿಲ್ದಾಣಕ್ಕೆ ಬಂದು, ಎದುರಿಗೆ ನಿಂತಿದ್ದ ಗಾಡಿಯನ್ನು ಹತ್ತಿದೆ. ಅದು ಫಾಸ್ಟ್ ಗಾಡಿ. ಮಾಟುಂಗಾ ನಿಲ್ದಾಣ ನನ್ನ ಕಣ್ಣೆದುರಿಗೇ ಕಿಟಕಿಯಾಚೆ ಹರಿದುಹೋಯಿತು. ಕುರ್ಲಾದಲ್ಲಿ ಇಳಿಯಲೆತ್ನಿಸಿದೆ, ಒಳನುಗ್ಗುವವರ ಪ್ರವಾಹ ನನ್ನನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿತು. ಘಾಟಕೋಪರದಲ್ಲಿಯೂ ಅದೇ ಕಥೆ. ಕೊನೆಗೆ ಠಾಣೆಯಲ್ಲಿ ಇಳಿದೆ. ಇಳಿದೆನೆನ್ನುವುದಕ್ಕಿಂತ ಇಳಿಸಲ್ಪಟ್ಟೆನೆನ್ನುವುದು ಸರಿ. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟು, 34 ಕಿಲೋಮೀಟರು ಕ್ರಮಿಸಿ ತಲುಪಿದ್ದು ಇದೇ ಠಾಣೆಯನ್ನು. ಆ ಚಾರಿತ್ರಿಕ ಯಾನವನ್ನೇ ನಾನೂ ಪುನರಾವರ್ತಿಸಿದ್ದೇನೆಂಬ ಸಮಾಧಾನ ಆ ಹೊತ್ತಿಗೆ ನನಗೆ ಒದಗಲಿಲ್ಲ.

ರಾತ್ರಿ ಹತ್ತಕ್ಕೆ ಮರಳಿದ ನನಗೆ ಮಾವ ಊಟ ಬಡಿಸುತ್ತ ಪಾಠ ಹೇಳಿದರು. “ಬೋರ್ಡಿನಲ್ಲಿ ಊರಿನ ಹೆಸರು ಮಾತ್ರ ನೋಡಿದರೆ ಸಾಲದು. ಎಸ್ ಉಂಟೋ, ಎಫ್ ಉಂಟೋ ನೋಡಬೇಕು. ಎಫ್ ನಮ್ಮ ಮಾಟುಂಗಾಕ್ಕೆ ನಿಲ್ಲುವುದಿಲ್ಲ. ಮತ್ತೆ ಇಳಿಯುವುದು ಅಂದರೆ ಸ್ಟೇಷನ್ ಬಂದ ಮೇಲೆ ಏಳುವುದಲ್ಲ. ಒಂದು ಸ್ಟೇಷನ್ ಮೊದಲೇ ಬಾಗಿಲಿಗೆ ಹೋಗಿ, ಎದುರಿನವನ ಬೆನ್ನಿಗೆ ಕೈ ಇಟ್ಟು, ‘ನೀವು ಇಳಿಯುತ್ತೀರಾ’ ಎಂದು ಕೇಳುವುದು. ಅವನು ಇಳಿಯುವವನಾದರೆ ಅವನ ಹಿಂದೆ ನಿಲ್ಲು. ಅಲ್ಲವಾದರೆ ಜಾಗ ಬದಲು ಮಾಡು.” ಸ್ವಲ್ಪ ತಡೆದು ಮತ್ತೂ ಒಂದು ಮಾತು ಹೇಳಿದರು: “ದಾರಿ ಕೇಳುವಾಗ ಯಾರನ್ನೂ ನಿಲ್ಲಿಸಬೇಡ. ನಿಲ್ಲಿಸಿದರೆ ಅವನ ಗಾಡಿ ತಪ್ಪುತ್ತದೆ, ಅವನಿಗೆ ಸಿಟ್ಟು ಬರುತ್ತದೆ. ಅವನ ಒಟ್ಟಿಗೆ ನಡೆಯುತ್ತಾ ಕೇಳು. ಅರ್ಧ ದಾರಿ ಅವನೇ ಮುಟ್ಟಿಸುತ್ತಾನೆ.”

ಆಮೇಲಿನ ಐವತ್ತು ವರ್ಷಗಳಲ್ಲಿ ಹಲವು ದೊಡ್ಡ ಊರುಗಳನ್ನು ನೋಡಿದ್ದೇನೆ. ಇದಕ್ಕಿಂತ ಉಪಯುಕ್ತವಾದ ಮಾತನ್ನು ಯಾವ ಕೈಪಿಡಿಯಲ್ಲಿಯೂ ಓದಲಿಲ್ಲ.

ನಮ್ಮ ಊರುಗಳಲ್ಲಿ ದಿಕ್ಕುಗಳು ನಾಲ್ಕು. ಮುಂಬಯಿಯವನ ಲೆಕ್ಕ ಬೇರೆ. ಏಳು ನಡುಗಡ್ಡೆಗಳ ನಡುವಣ ನೀರನ್ನು ತುಂಬಿ ಮಾಡಿದ ಆ ನೆಲ ತೆಂಕಣಿಂದ ಬಡಗಕ್ಕೆ ಉದ್ದವಾಗಿ, ಅಡ್ಡಕ್ಕೆ ಕಿರಿದಾಗಿ ಚಾಚಿಕೊಂಡಿದೆ. ರೈಲು ಹಳಿಗಳೂ ಹಾಗೆಯೇ ಉದ್ದಕ್ಕೆ ಓಡುತ್ತವೆ. ಆದುದರಿಂದ ವಿಳಾಸವೆಂದರೆ ಮೊದಲು ನಿಲ್ದಾಣದ ಹೆಸರು, ಆಮೇಲೆ ಪೂರ್ವವೋ ಪಶ್ಚಿಮವೋ ಎಂಬುದು. ಪೂರ್ವ ಪಶ್ಚಿಮಗಳನ್ನು ನಿರ್ಣಯಿಸುವವನು ಸೂರ್ಯನಲ್ಲ, ರೈಲು ಹಳಿ. ತಪ್ಪಿದ ಮಗ್ಗುಲಲ್ಲಿ ಹೊರಬಿದ್ದವನು ಮತ್ತೆ ಮೆಟ್ಟಿಲು ಹತ್ತಿ ಸೇತುವೆ ದಾಟಬೇಕು. ದೂರವನ್ನು ಅಲ್ಲಿ ಯಾರೂ ಮೈಲಿಗಳಲ್ಲಿ ಹೇಳುವುದಿಲ್ಲ, ನಿಮಿಷಗಳಲ್ಲಿ ಹೇಳುತ್ತಾರೆ. ‘ಲೋಕಲ್’ ಎಂಬ ಶಬ್ದವೇ ಆ ಊರಿನಲ್ಲಿ ಮನುಷ್ಯನಿಗಲ್ಲ, ಗಾಡಿಗೆ ಸಲ್ಲುತ್ತದೆ. 1925ರಲ್ಲಿ ವಿ.ಟಿ.ಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ಗಾಡಿ ಓಡಿದಂದಿನಿಂದ ಆ ಮಹಾನಗರದ ಉಸಿರಾಟವೆಲ್ಲ ಅದರ ವೇಳಾಪಟ್ಟಿಗೆ ಹೊಂದಿಕೊಂಡಿದೆ.

ನಾನು ಪಟ್ಟಿಯನ್ನು ಟ್ರಂಕಿನಲ್ಲಿಟ್ಟು ಮಾವನ ಹಿಂದೆ ಹೋಗತೊಡಗಿದೆ. ನಸುಕಿನ ನಾಲ್ಕೂವರೆಗೆ ಬೈಕಲಾದ ತರಕಾರಿ ಪೇಟೆ. ಬುಟ್ಟಿಗಳೊಡನೆ ಹಿಂದಿರುಗುವಾಗ ಸಾಮಾನಿನ ಡಬ್ಬಿಯಲ್ಲಿ ಪ್ರಯಾಣ. ಅಲ್ಲಿ ಮೀನು ಮಾರುವ ಕೋಳಿ ಹೆಂಗಸರು, ಹೂವಿನ ಮೂಟೆಯವರು, ಹಾಲಿನ ಕ್ಯಾನಿನವರು. ಒಬ್ಬರೊಬ್ಬರ ಬುಟ್ಟಿಯ ಮೇಲೆ ಒಬ್ಬರು ಕುಳಿತು, ಮರಾಠಿ, ಗುಜರಾತಿ, ಹಿಂದಿಗಳನ್ನು ಕಲಸಿ ಮಾತಾಡುವವರು. ಅವರ ನಡುವೆ ನಮ್ಮ ಮಾವನ ಕುಂದಾಪುರದ ರಾಗವುಳ್ಳ ಹಿಂದಿ. ಹಗಲಿನಲ್ಲಿ ಸಾಮಾನ್ಯ ಡಬ್ಬಿಯಲ್ಲಿ ಕಲಿತದ್ದು ಇನ್ನೊಂದು ಶಿಷ್ಟಾಚಾರ. ಮೂವರು ಕೂರುವ ಬೆಂಚಿನ ತುದಿಯಲ್ಲಿ ನಾಲ್ಕನೆಯವನಿಗೆ ಅಂಗೈಯಗಲದ ಜಾಗ ಸಲ್ಲುತ್ತದೆ. ಅದು ಯಾವ ನಿಯಮಪುಸ್ತಕದಲ್ಲಿಯೂ ಇಲ್ಲ. ಆತ ಬಂದು ನಿಂತು ಕೈಯಲ್ಲೊಂದು ಸನ್ನೆ ಮಾಡುತ್ತಾನೆ. ಮೂವರೂ ಪತ್ರಿಕೆಯಿಂದ ಕಣ್ಣೆತ್ತದೆ ಸರಿದು ಕೂರುತ್ತಾರೆ. ನಮ್ಮ ಕಡೆಯ ಬಸ್ಸುಗಳಲ್ಲಿ ಕರವಸ್ತ್ರ ಹಾಕಿ ಇಡೀ ಸೀಟನ್ನು ಕಾಯ್ದಿರಿಸುವ ಸಂಪ್ರದಾಯದಲ್ಲಿ ಬೆಳೆದ ನನಗೆ ಇದು ಒಂದು ದೊಡ್ಡ ನಾಗರಿಕತೆಯಂತೆ ಕಂಡಿತು.

ಊರಿನ ಹೆಸರುಗಳನ್ನು ಸಹ ಹೀಗೆ ನಡೆಯುತ್ತಲೇ ಕಲಿತೆ. ಧೋಬಿ ತಲಾವ್ ಎಂಬಲ್ಲಿ ಇಳಿದು ಕೆರೆಯನ್ನು ಹುಡುಕಿದೆ. ಕೆರೆ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಪಾಯ್‌ಧುನಿ ಎಂದರೆ ಕಾಲು ತೊಳೆಯುವ ಸ್ಥಳ. ಹಿಂದೆ ಅಲ್ಲಿ ಹರಿಯುತ್ತಿದ್ದ ಕಡಲ ಹಿನ್ನೀರನ್ನು ದಾಟಿ ಬಂದವರು ಕೆಸರುಗಾಲನ್ನು ತೊಳೆದುಕೊಳ್ಳುತ್ತಿದ್ದರಂತೆ. ಇಂದು ಅಲ್ಲಿ ಕಾಲಿಡಲು ಸಹ ಸ್ಥಳವಿಲ್ಲ. ಚರ್ಚ್‌ಗೇಟ್ ಎಂಬಲ್ಲಿ ಕೋಟೆಯ ಬಾಗಿಲಿಲ್ಲ. ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿಯೇ ಕೆಡವಿದರು. ಎಲ್ಲಕ್ಕಿಂತ ಸೊಗಸಾದುದು ಕಾಳಾ ಘೋಡಾ. ಏಳನೆಯ ಎಡ್ವರ್ಡನ ಕುದುರೆ ಸವಾರಿಯ ಕಪ್ಪು ಪ್ರತಿಮೆಯಿಂದ ಆ ಚೌಕಕ್ಕೆ ಆ ಹೆಸರು ಬಂದಿತು. 1965ರಲ್ಲಿ ಪ್ರತಿಮೆಯನ್ನು ಕಿತ್ತು ಬೈಕಲಾದ ರಾಣೀಬಾಗಿಗೆ ಸಾಗಿಸಿದರು. ರಾಜನೂ ಹೋದ, ಕುದುರೆಯೂ ಹೋಯಿತು. ಜನ ಕರಿಕುದುರೆಯೆಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ. ಐವತ್ತೆರಡು ವರ್ಷಗಳ ಬಳಿಕ, 2017ರಲ್ಲಿ, ಆ ಹೆಸರಿಗೆ ಋಣಿಯಾಗಿಯೋ ಎಂಬಂತೆ ಸವಾರನಿಲ್ಲದ ಒಂದು ಕರಿಕುದುರೆಯನ್ನು ಅಲ್ಲಿ ನಿಲ್ಲಿಸಿದರು. ವಿ.ಟಿ.ಯ ಹೆಸರು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಎಂದಾಯಿತು, 2017ರಲ್ಲಿ ಅದಕ್ಕೆ ಮಹಾರಾಜ ಎಂಬ ಶಬ್ದವೂ ಸೇರಿತು. ಆದರೂ ಹಳಬರ ಬಾಯಲ್ಲಿ ಅದು ಇನ್ನೂ ವಿ.ಟಿ.ಯೇ. ಇಲ್ಲದ ಕೆರೆಯನ್ನೂ ಇಲ್ಲದ ಬಾಗಿಲನ್ನೂ ಗುರುತಾಗಿಟ್ಟುಕೊಂಡು ತಪ್ಪದೆ ಮನೆ ಸೇರುವವನೇ ಆ ಊರಿನವನು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಊರಿನವರಂತೆ ಊರು ನೋಡುವುದೆಂಬುದು ಈಚೆಗೆ ಒಂದು ಷೋಕಿಯಾಗಿದೆ. ಬೆಳಗಿನ ಗದ್ದಲದ ಗಾಡಿಯಲ್ಲಿ ಒಂದು ಸಲ ಹೋಗಿಬಂದು ಅದನ್ನು ಅನುಭವವೆಂದು ವರ್ಣಿಸುವವರಿದ್ದಾರೆ, ನಾನೂ ವರ್ಣಿಸಿದ್ದೇನೆ. ನನಗೆ ಅದು ಒಂದು ದಿನದ ಅನುಭವ, ಬಾಗಿಲಿಗೆ ಜೋತು ನಿಂತವನಿಗೆ ಅದು ನಿತ್ಯದ ಗತ್ಯಂತರವಿಲ್ಲದ ದಾರಿ. ಹಳಿ ದಾಟುವಾಗ, ಬಾಗಿಲಿನಿಂದ ಬಿದ್ದು, ಆ ಮಾರ್ಗಗಳಲ್ಲಿ ವರ್ಷವೊಂದಕ್ಕೆ ಸಾಯುವವರ ಸಂಖ್ಯೆ ಇಂದಿಗೂ ಸಾವಿರವನ್ನು ಮೀರುತ್ತದೆ. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಕಾಲುಸೇತುವೆಯ ಮೇಲೆ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆಗೆ ನಿಂತವರೂ ಗಾಡಿಯಿಂದಿಳಿದವರೂ ಒತ್ತರಿಸಿದಾಗ 23 ಜನ ಸತ್ತರು. ಅವರೆಲ್ಲ ದಾರಿ ಗೊತ್ತಿಲ್ಲದವರಲ್ಲ. ನೆನಪಿಡಬೇಕಾದುದೆಂದರೆ, ಆ ನಿಲ್ದಾಣದ ಸುತ್ತಲಿನ ಪರಳ, ಲಾಲಬಾಗ್ ಪ್ರದೇಶವೆಲ್ಲ ಗಿರಣಗಾಂವ್, ಅಂದರೆ ಗಿರಣಿಗಳ ಊರು. 1973ರಲ್ಲಿ ನಾನು ಆ ದಾರಿಯಲ್ಲಿ ಹೋದಾಗ ಚಿಮಣಿಗಳು ಹೊಗೆಯುಗುಳುತ್ತಿದ್ದವು. ಗಿರಣಿಯ ಭೋಂಗಾ ಕೇಳಿ ಜನ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಆ ಭೋಂಗಾಗಳಲ್ಲಿ ಬಹುಪಾಲು ಮತ್ತೆ ಕೂಗಲಿಲ್ಲ. ಗಿರಣಿಗಳ ನೆಲದಲ್ಲಿ ಕಚೇರಿಗಳೂ ದೊಡ್ಡ ಅಂಗಡಿ ಸಂಕೀರ್ಣಗಳೂ ಎದ್ದವು. ಗಿರಣಿ ಕಾರ್ಮಿಕರು ಕಾಲ್ನಡಿಗೆಯಲ್ಲಿ ಬರುತ್ತಿದ್ದ ಜಾಗಕ್ಕೆ ದೂರದ ಉಪನಗರಗಳಿಂದ ಗಾಡಿ ತುಂಬ ಜನ ಬಂದಿಳಿಯತೊಡಗಿದರು. ಸೇತುವೆ ಮಾತ್ರ ಹಳೆಯದೇ ಉಳಿದಿತ್ತು.

ಆದರೆ ಆ ತಿಳಿವಳಿಕೆ ಮನುಷ್ಯನನ್ನು ಉಳಿಸಿದ ದಿನವೂ ಒಂದು ನನಗೆ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿಯಿತು. ಗಾಡಿಗಳು ನಿಂತವು, ದೂರವಾಣಿ ಸತ್ತಿತು. ಮಾವನ ಮಗ ಕೋಟೆಯ ಒಂದು ಕಚೇರಿಯಲ್ಲಿ ಗುಮಾಸ್ತ, ಮನೆ ಘಾಟಕೋಪರದಲ್ಲಿ. ಊರಿನಲ್ಲಿ ನಾವೆಲ್ಲ ರೇಡಿಯೋದ ಮುಂದೆ ಕುಳಿತಿದ್ದೆವು. ಎರಡನೆಯ ದಿನ ಸಂಜೆ ಆತನ ಫೋನು ಬಂದಿತು. ರಸ್ತೆಯಲ್ಲಿ ಎದೆಮಟ್ಟ ನೀರು. ತೆರೆದ ಗುಂಡಿ ಎಲ್ಲಿದೆಯೋ ತಿಳಿಯದು. ಆದುದರಿಂದ ಹಳಿ ಎತ್ತರದಲ್ಲಿದ್ದೆಡೆಯೆಲ್ಲ ಹಳಿ ಹಿಡಿದು, ತಗ್ಗಿನಲ್ಲಿ ಸೇತುವೆಯೇರಿ, ನೂರಾರು ಜನರ ಸಾಲಿನಲ್ಲಿ ಒಬ್ಬನಾಗಿ ಆತ ರಾತ್ರಿಯೆಲ್ಲ ನಡೆದಿದ್ದ. ಹಳಿಯ ಪಕ್ಕದ ಗುಡಿಸಲಿನವರು, ತಮ್ಮ ಮನೆಯೊಳಗೇ ನೀರಿದ್ದವರು, ಚಹ ಕೊಟ್ಟರಂತೆ, ಬಿಸ್ಕತ್ತು ಕೊಟ್ಟರಂತೆ. “ದಾರಿ ಯಾರು ಹೇಳಿದರು?” ಎಂದು ಕೇಳಿದೆ. “ಯಾರೂ ಹೇಳಲಿಲ್ಲ ಭಾವ. ಎದುರಿನವನ ಬೆನ್ನಿಗೆ ಕೈ ಇಟ್ಟುಕೊಂಡು ಬಂದೆ” ಎಂದ.

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು, ಜಯಂತ ಕಾಯ್ಕಿಣಿಯವರ ಕಥೆಗಳನ್ನು ಓದಿದವರಿಗೆ ಈ ಮುಂಬಯಿ ಹೊಸತಲ್ಲ. ಉತ್ತರ ಕನ್ನಡದಿಂದ ಹೊಟ್ಟೆಪಾಡಿಗೆಂದು ಹೋದ ಇಬ್ಬರು ಕನ್ನಡಿಗರು ಆ ನಗರವನ್ನು ಒಳಗಿನಿಂದ ಕಂಡು ಬರೆದರು. ಕೆಲಸವಿಲ್ಲದೆ ನೋಡಲು ಹೋದ ನನ್ನಂಥವನು ಬರೆಯಬಹುದಾದುದು ಇಷ್ಟೇ.

1973ರ ಆ ರಜೆಯ ಕೊನೆಯ ದಿನ ಮಾವ ಅರ್ಧ ದಿನದ ಬಿಡುವು ಪಡೆದು, ಇಸ್ತ್ರಿ ಮಾಡಿದ ಪಂಚೆಯುಟ್ಟು, “ನಡೆ, ನಿನ್ನ ಗೇಟ್‌ವೇ ನೋಡುವ” ಎಂದರು. ಕಮಾನಿನ ಕೆಳಗೆ ನಿಂತು ನಾನು ಕೈಪಿಡಿಯಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ. ಐದನೆಯ ಜಾರ್ಜ್ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ್ದು, ಕೆಲಸ ಮುಗಿದದ್ದು 1924ರಲ್ಲಿ; 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಇದೇ ಬಾಗಿಲಿನಿಂದ ಹಡಗಿಗೆ ನಡೆಯಿತು ಎಂದೆ.

ಮಾವ ಬೆರಳಲ್ಲಿ ಲೆಕ್ಕ ಹಾಕಿದರು. “ಆಗ ನಾನು ಇಲ್ಲೇ ಇದ್ದೆ. ಜನ ಎಲ್ಲ ನೋಡಲಿಕ್ಕೆ ಹೋಗಿರಬೇಕು. ನನಗೆ ರಜೆ ಇರಲಿಲ್ಲ.”

ಕಮಾನನ್ನು ಇನ್ನೊಮ್ಮೆ ನೋಡಿ, “ದೊಡ್ಡದುಂಟು” ಎಂದರು. ಆಮೇಲೆ ಮೆಟ್ಟಿಲಿಳಿದು ಹೋಗಿ, ಲಾಂಚಿನ ಹಗ್ಗ ಕಟ್ಟುತ್ತಿದ್ದ ಒಬ್ಬನೊಡನೆ ಮಾತಿಗೆ ತೊಡಗಿದರು. ಆತ ಭಟ್ಕಳದ ಕಡೆಯವನೆಂದು ತಿಳಿಯಿತು. ಇಬ್ಬರೂ ಕಡಲಿಗೆ ಮುಖ ಮಾಡಿ, ಕಮಾನಿಗೆ ಬೆನ್ನು ಹಾಕಿ, ಬಂಗಡೆಯ ಬೆಲೆ, ಮಳೆ, ಮಕ್ಕಳ ಓದು ಎಂದು ಬಹಳ ಹೊತ್ತು ಮಾತಾಡಿದರು. ನಾನು ಮೇಲೆ ನಿಂತು ಕಾಯುತ್ತಿದ್ದೆ. ಪಟ್ಟಿಯ ಹದಿನಾಲ್ಕು ಸ್ಥಳಗಳಲ್ಲಿ ಒಂಬತ್ತನ್ನು ನಾನು ಇಂದಿಗೂ ನೋಡಿಲ್ಲ.