ಮಕ್ಕಳ ರಾತ್ರಿಯನ್ನೂ ವಿಚಾರಿಸೋಣ

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಅಂಕಗಳ ಬಗ್ಗೆ ಮಾತನಾಡುವ ಸಭೆಯಲ್ಲಿ ನಾನು ನಿದ್ದೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣವಿದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಶಾಲೆಗಳು ಮುಚ್ಚಿದವು. 2021ರ ಆಗಸ್ಟ್ 23ರಂದು 9ರಿಂದ 12ನೇ ತರಗತಿಗಳು ಮತ್ತೆ ಆರಂಭವಾದಾಗ, ಒಬ್ಬ ಹುಡುಗ ದಿನವೂ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದ. ಮೂರು ದಿನ ನೋಡಿ, ನಾಲ್ಕನೇ ದಿನ ಎಲ್ಲರೆದುರು ‘ಸೋಮಾರಿ’ ಎಂದು ಬೈದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ವಾರ ಕಳೆದು ಅವನ ಮನೆಗೆ ಹೋದೆ. ಒಂದೇ ಕೋಣೆಯ ಮನೆ, ಇರುವುದು ಒಂದೇ ಮೊಬೈಲು. ಅದು ತಂದೆಯ ಜೊತೆ ಆಟೋದಲ್ಲಿ ಹೋಗಿ ರಾತ್ರಿ ಹತ್ತಕ್ಕೆ ಮನೆಗೆ ಬರುತ್ತಿತ್ತು. ಶಾಲೆ ಮುಚ್ಚಿದ್ದಷ್ಟು ಕಾಲ ಅಕ್ಕ ಮೊದಲು ಪಾಠ ನೋಡಿಕೊಂಡು ಮುಗಿಸಬೇಕು, ಆಮೇಲೆ ಇವನ ಸರದಿ. ಮಲಗುವಾಗ ಎರಡು ಗಂಟೆ. “ಈಗ ಬೇಗ ಮಲಗಿದರೂ ನಿದ್ದೆ ಬರಲ್ಲ ಸರ್” ಎಂದ. ನಾನು ಸೋಮಾರಿ ಎಂದು ಕರೆದವನು ನಡುರಾತ್ರಿಯವರೆಗೆ ಕೂತು ಓದಿದ ಹುಡುಗ. ಅಂದು ಅವನ ಕ್ಷಮೆ ಕೇಳಿದೆ.

ನಿದ್ದೆ ಬರುವುದು ಮುಖ್ಯವಾಗಿ ಎರಡು ಕಾರಣದಿಂದ. ಒಂದು, ಎಚ್ಚರವಿದ್ದಷ್ಟೂ ದೇಹದಲ್ಲಿ ನಿದ್ದೆಯ ಒತ್ತಡ ಹೆಚ್ಚುತ್ತದೆ. ಇನ್ನೊಂದು, ಮಿದುಳಿನಲ್ಲಿರುವ ಗಡಿಯಾರ. ಅದು ಬೆಳಕನ್ನು ನೋಡಿ ಸಮಯ ಹೊಂದಿಸಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಿ ಮಲಗುವ ಹೊತ್ತಾಯಿತೆಂದು ಸೂಚಿಸುತ್ತದೆ. ಹದಿಹರೆಯದಲ್ಲಿ ಈ ಸೂಚನೆ ಸಹಜವಾಗಿಯೇ ತಡವಾಗುತ್ತದೆ. ಲಾಕ್‌ಡೌನ್‌ನಲ್ಲಿ ಬೆಳಗಿನ ಬಿಸಿಲು ತಪ್ಪಿತು, ಆಟ ನಿಂತಿತು, ಹಗಲು ನಿದ್ದೆ ಹೆಚ್ಚಾಯಿತು, ರಾತ್ರಿ ಕಣ್ಣೆದುರು ಮೊಬೈಲಿನ ಬೆಳಕು. ಗಡಿಯಾರ ಇನ್ನಷ್ಟು ಹಿಂದೆ ಬಿತ್ತು. ಶಾಲೆ ತೆರೆದ ದಿನವೇ ಅದು ಸರಿಹೋಗುವುದಿಲ್ಲ.

ಕೆಲವು ಮಕ್ಕಳ ನಿದ್ದೆ ಕೆಡಿಸಿದ್ದು ಭಯ. ಮನೆಯವರನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ದದ್ದನ್ನು ಕಂಡ ಮಗು ‘ನಾನು ಮಲಗಿದಾಗ ಅಮ್ಮಿಗೆ ಏನಾದರೂ ಆದರೆ?’ ಎಂದು ಎಚ್ಚರವಾಗಿರುತ್ತದೆ. ಅದಕ್ಕೆ ಬೈಗುಳ ಮದ್ದಲ್ಲ. ಪಕ್ಕದಲ್ಲಿ ಕೂತು ಅದರ ಮಾತು ಕೇಳಬೇಕು.

ತಜ್ಞರ ಪ್ರಕಾರ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ. ನಿದ್ದೆಗೆಟ್ಟು ಓದಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ.

ಪೋಷಕರೇ, ಮೊದಲು ಏಳುವ ಸಮಯ ನಿಶ್ಚಯಿಸಿ. ರಜಾದಿನವೂ ಅದೇ ಇರಲಿ. ಬೆಳಿಗ್ಗೆ ಸ್ವಲ್ಪ ಹೊತ್ತು ಮಗು ಬಿಸಿಲಿನಲ್ಲಿ ಓಡಾಡಲಿ. ಮಲಗುವ ಸಮಯವನ್ನು ಕೆಲವು ದಿನಗಳಿಗೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತನ್ನಿ. ಸಂಜೆಯ ನಂತರ ಚಹಾ ಬೇಡ. ರಾತ್ರಿ ಎಲ್ಲರ ಮೊಬೈಲೂ, ನಮ್ಮದೂ ಸೇರಿ, ಹಾಸಿಗೆಯಿಂದ ದೂರವಿರಲಿ. ಇಶಾ ನಮಾಝಿನ ನಂತರದ ಹರಟೆಯನ್ನು ಪ್ರವಾದಿಯವರು (ಸ) ಇಷ್ಟಪಡುತ್ತಿರಲಿಲ್ಲ ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಈಗ ನಮ್ಮ ಹರಟೆ ಮೊಬೈಲಿಗೆ ಬಂದಿದೆ, ಅಷ್ಟೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಮಂಕಾಗಿ ಊಟ ಬಿಟ್ಟರೆ ವೈದ್ಯರಿಗೆ ತೋರಿಸಿ. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ. ನೀವಾಗಿಯೇ ನಿದ್ದೆ ಮಾತ್ರೆ ಕೊಡಬೇಡಿ.

ಟ್ರಸ್ಟಿನ ಹಿರಿಯರಲ್ಲಿ ಒಂದು ವಿನಂತಿ. ಈ ವರ್ಷದ ಅರ್ಜಿಗಳಲ್ಲಿ ಹಾಜರಾತಿ, ಅಂಕ ಕಡಿಮೆ ಇರುವ ಮಕ್ಕಳಿದ್ದಾರೆ. ಅರ್ಜಿ ಬದಿಗಿಡುವ ಮೊದಲು ಮನೆಯಲ್ಲಿ ಎಷ್ಟು ಮೊಬೈಲುಗಳಿವೆ, ಮಗು ಎಲ್ಲಿ, ಎಷ್ಟು ಹೊತ್ತಿಗೆ ಮಲಗುತ್ತದೆ ಎಂದು ಒಮ್ಮೆ ಕೇಳಿ. ನಾನು ಕೇಳದೆ ತಪ್ಪು ಮಾಡಿದೆ.

ಆ ಹುಡುಗ ಮತ್ತೆ ಶಾಲೆಗೆ ಬರುತ್ತಿದ್ದಾನೆ. ಇಂದು ಇಲ್ಲಿಯೇ ಕುಳಿತಿದ್ದಾನೆ, ಎಚ್ಚರವಾಗಿಯೇ ಇದ್ದಾನೆ. ಅಲ್‌ಹಮ್ದುಲಿಲ್ಲಾಹ್.