ಬಿಚ್ಚಿಟ್ಟ ಅಂಬಾಸಿಡರ್

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಬಿಚ್ಚಿ, ಸರಿಪಡಿಸಿ ಮತ್ತೆ ಓಡಿಸುವ ಹುಚ್ಚು ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಯೂ ಕೆಲವರಿಗಿದೆ. ಬಿಚ್ಚುವಾಗಿನ ಹುರುಪೇ ಬೇರೆ. ಬಾಗಿಲು, ಸೀಟು, ಬಂಪರ್ ಎಲ್ಲ ಬೇಗ ಗೋಡೆಗೊರಗುತ್ತವೆ. ಆಮೇಲೆ ಮ್ಯಾಟ್ ಎತ್ತಿದರೆ ತುಕ್ಕು ತಿಂದ ತಗಡು, ಸ್ಕ್ರೂಡ್ರೈವರ್ ಒತ್ತಿದರೆ ಆಚೆಗೇ ಹೋಗುತ್ತದೆ. ಟಿಂಕರ್ ನಾಳೆ ಅನ್ನುತ್ತಾನೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಮುಂದಿನ ವಾರ ಅನ್ನುತ್ತಾರೆ.

ಹುಮ್ಮಸ್ಸು ಇಳಿಯುವುದು ಇಲ್ಲೇ. ಇದನ್ನು ಸೋಮಾರಿತನ ಎನ್ನಲಾರೆ. ತಿಂಗಳುಗಟ್ಟಲೆ ತುಕ್ಕು ಉಜ್ಜಿ, ವೆಲ್ಡಿಂಗ್ ಮಾಡಿಸಿ, ರೆಡ್ ಆಕ್ಸೈಡ್ ಬಳಿದರೂ ಕಾರು ಮೊದಲಿಗಿಂತ ಹಾಳಾಗಿಯೇ ಕಾಣುತ್ತದೆ. ಮನೆಯವರು ‘ಗುಜರಿಗೆ ಹಾಕಿ’ ಅನ್ನುವುದೂ ಆಗಲೇ. ಅವರ ಮಾತೂ ಪೂರ್ತಿ ಸುಳ್ಳಲ್ಲ ಅನ್ನಿ!

ಅಂಥ ಹೊತ್ತಲ್ಲಿ ಇಡೀ ಕಾರಿನ ಚಿಂತೆ ಬಿಟ್ಟು ವೈಪರ್ ಮೋಟಾರೊಂದನ್ನೇ ಕೈಗೆತ್ತಿಕೊಳ್ಳಬಹುದು. ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ, ಬ್ಯಾಟರಿಗೆ ತಂತಿ ಮುಟ್ಟಿಸುವುದು. ತಿರುಗಿತೋ, ಆ ಭಾನುವಾರಕ್ಕೆ ಅಷ್ಟು ಸಾಕು.